ಹಳೇ ಸ್ಟೀಲ್ 72 ಟ್ಯಾಂಕ್: ಎಷ್ಟು ಉರುಳಿಸಿದರೂ ಒಳಗೆ ಮತ್ತೆ ತುಕ್ಕು

ಟ್ಯಾಂಪಾಕನ್ನಡಿಗ
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಇಲ್ಲಿ ಫ್ಲೋರಿಡಾದಲ್ಲಿ ಗ್ಯಾರೇಜ್ ಸೇಲ್‌ನಲ್ಲಿ ಒಂದು ಸ್ಟೀಲ್ 72 (ಹೆಸರಿಗೆ 72 ಘನ ಅಡಿ ಗಾಳಿ ಹಿಡಿಯೋ ಉಕ್ಕಿನ ಸ್ಕೂಬಾ ಟ್ಯಾಂಕ್) ಸಿಕ್ಕಿತು. ವಾಲ್ವ್ ಬಿಚ್ಚಿ, ಅಲ್ಯೂಮಿನಿಯಂ ಆಕ್ಸೈಡ್ ಚಿಪ್ಸ್, ನೀರು, ಸೋಪು ಹಾಕಿ ರಾತ್ರಿಯಿಡೀ ಉರುಳಿಸಿದೆ. ತೊಳೆದು ಒಣಗಿಸಿದ ಮೇಲೆ ಒಳಗೆ ನುಣ್ಣಗೆ ಹೊಳೆಯುತ್ತಿತ್ತು. ಸ್ವಲ್ಪ ದಿನ ಬಿಟ್ಟು ನೋಡಿದರೆ ತಳದಲ್ಲಿ ಮತ್ತೆ ಕೆಂಪು. ಮತ್ತೆ ಉರುಳಿಸಿದೆ, ಮತ್ತೆ ಅದೇ ಕಥೆ. ಡೈವ್ ಶಾಪ್‌ನವರು ಲೈಟ್ ಇಳಿಸಿ ನೋಡಿ ತಪಾಸಣೆ ಪಾಸಾದ ಸ್ಟಿಕ್ಕರ್ ಕೊಡಲ್ಲ ಅಂದರು. ಕಾರಣ ಹೇಳಲೇ ಇಲ್ಲ.

ಕಡಲಾಮೆ
ಒಣಗಿಸೋದು ಸರಿಯಾಗಿಲ್ಲ, ಅಷ್ಟೇ. ಬರೀ ಉಕ್ಕಿಗೆ ಒದ್ದೆ ತಾಗಿದರೆ ನಿಮಿಷಗಳಲ್ಲಿ ತೆಳು ತುಕ್ಕು ಕೂರುತ್ತೆ. ಕೊನೆಯ ಸಲ ಕುದಿಯೋ ನೀರಲ್ಲಿ ತೊಳೆದು, ತಲೆಕೆಳಗು ಮಾಡಿ, ಪೈಪ್ ತಳ ಮುಟ್ಟುವ ಹಾಗೆ ಇಳಿಸಿ ಗಾಳಿ ಬಿಡಿ.

ಟ್ಯಾಂಪಾಕನ್ನಡಿಗ
ಇದೆಲ್ಲ ಮಾಡಿದ್ದೇನೆ ಸರ್. ಬಿಸಿನೀರು, ಗಾಳಿ ಎರಡೂ.

ಕಡಲಾಮೆ
ಯಾವ ಗಾಳಿ? ಟೈರಿಗೆ ಹೊಡೆಯೋ ಕಂಪ್ರೆಸರ್ ಆದರೆ ಅದರಲ್ಲೇ ತೇವ, ಎಣ್ಣೆ ಎರಡೂ ಇರುತ್ತೆ. ಇನ್ನೊಂದು ಸ್ಕೂಬಾ ಟ್ಯಾಂಕಿನ ಒಣಗಾಳಿ ಬಿಡಿ. ಫ್ಲೋರಿಡಾ ಸೆಕೆಗೆ ಬೇರೆ ದಾರಿಯಿಲ್ಲ.

ನೀಲಿಫಿನ್
ಒಂದು ಸಲ ಫಾಸ್ಫಾರಿಕ್ ಆಸಿಡ್ ಹಾಕಿ ನೋಡಬಹುದಲ್ವಾ? ಕೆಲವರು ವಿನೆಗರ್ ಕೂಡ ಹಾಕುತ್ತಾರೆ.

ಹಳೇಕಬ್ಬಿಣ
ಆಸಿಡ್ ದಯವಿಟ್ಟು ಬೇಡ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯೋಕೆ ಇದು ಹಿತ್ತಾಳೆ ಚೆಂಬಲ್ಲ. ಒಳಗೆ ಉಳಿದದ್ದು ನಿಮ್ಮ ಶ್ವಾಸಕ್ಕೇ ಬರುತ್ತೆ.
ಟ್ಯಾಂಪಾ ಅವರೇ, ಮೊದಲು ಇಷ್ಟು ಹೇಳಿ. ಹೆಗಲ ಮೇಲಿನ ಮುದ್ರೆ ಏನಿದೆ? ಒಳಗಿನ ಬಣ್ಣ ಯಾವುದು? ತಳಕ್ಕೆ ಹಾಕಿರೋ ಬೂಟ್ (ಟೋಪಿಯಂಥ ಕವಚ) ಕಳಚಿ ನೋಡಿದ್ದೀರಾ? ತಂದಾಗ ಒಳಗೆ ಗಾಳಿ ಇತ್ತಾ?

ಜೋಡಿ72
ಮುದ್ರೆಯ ತಾರೀಕಿನ ಪಕ್ಕ ಪ್ಲಸ್ (+) ಗುರುತು ಇದೆಯಾ ನೋಡಿ. ಇದ್ದರೆ ಒತ್ತಡ 2475 ಪಿಎಸ್‌ಐ ತನಕ ತುಂಬಿಸಬಹುದು, ಆಗಲೇ 71.2 ಘನ ಅಡಿ ಗಾಳಿ. ಬರೀ 2250 ಆದರೆ 65ರ ಹತ್ತಿರ. ನನ್ನ ಜೋಡಿ ಟ್ಯಾಂಕ್ ಎರಡಕ್ಕೂ ಪ್ಲಸ್ ಇದೆ, ಮಧ್ಯೆ ಎರಡನ್ನೂ ಸೇರಿಸೋ ಹಳೇ ಮ್ಯಾನಿಫೋಲ್ಡ್, ಸ್ಟೀಲ್ ಬ್ಯಾಂಡ್. ನೀರಲ್ಲಿ ಎಷ್ಟು ಚೆನ್ನಾಗಿ ಕೂರುತ್ತೆ ಗೊತ್ತಾ? ಅಲ್ಯೂಮಿನಿಯಂ 80 ಟ್ಯಾಂಕ್ ಖಾಲಿಯಾದರೆ ನಾಲ್ಕು ಪೌಂಡಿನಷ್ಟು ಮೇಲೆಳೆಯುತ್ತೆ.

ಕಡಲಾಮೆ
ಪ್ಲಸ್ ಒಂದು ಸಲ ಬಿತ್ತು ಅಂತ ಸದಾ ಇರಲ್ಲ. ಐದು ವರ್ಷಕ್ಕೊಮ್ಮೆ ಹೈಡ್ರೋ (ನೀರು ತುಂಬಿ ಮಾಡೋ ಒತ್ತಡದ ಪರೀಕ್ಷೆ) ಆದಾಗ ಮತ್ತೆ ಹಾಕಿಸಬೇಕು. ನಿಮ್ಮದರಲ್ಲಿ ಕೊನೇ ಮುದ್ರೆಗೆ ಇದೆಯಾ?

ಜೋಡಿ72
ಇದೆ. ಫೋಟೋ ಹಾಕಲಾ?

ಟ್ಯಾಂಪಾಕನ್ನಡಿಗ
ಮುದ್ರೆ ಐಸಿಸಿ 3ಎಎ 2250 (ಅಮೆರಿಕದ ಹಳೇ ಸಿಲಿಂಡರ್ ಮುದ್ರೆ), ಮೊದಲ ತಾರೀಕು 1966. ಒಳಗೆ ಜೇನಿನ ಬಣ್ಣ, ಕತ್ತಿನ ಹತ್ತಿರ ಚೂರು ಚೂರು ಏಳುತ್ತಿದೆ. ಬೂಟ್ ಅಲ್ಲಾಡಲ್ಲ, ಹಾಗೇ ಇದೆ. ಗಾಳಿ ಸ್ವಲ್ಪ ಇತ್ತು, ನಿಧಾನಕ್ಕೆ ಬಿಟ್ಟೆ.

ಹಳೇಕಬ್ಬಿಣ
ಜೇನಿನ ಬಣ್ಣ ಉಕ್ಕಿನದ್ದಲ್ಲ. ಅದು ಎಪಾಕ್ಸಿ ಲೈನಿಂಗ್. 1960ರ ದಶಕದಲ್ಲಿ ತುಕ್ಕು ತಡೆಯೋಕೆ ಅಂತಲೇ ಸ್ಟೀಲ್ ಟ್ಯಾಂಕಿನ ಒಳಗೆ ಬಳಿಯುತ್ತಿದ್ದರು. ಅದು ಬಿರುಕು ಬಿಟ್ಟರೆ ಉಪ್ಪುನೀರು ಅಡಿಗೆ ಸೇರಿ ಅಲ್ಲೇ ಕೂರುತ್ತೆ. ನೀವು ಉರುಳಿಸಿದ್ದು ಪೊರೆಯ ಮೇಲ್ಮೈಯನ್ನ. ತುಕ್ಕು ಕೆಳಗಿದೆ. ಶಾಪ್‌ನವರು ಬೇಡ ಅಂದಿದ್ದು ಬಹುಶಃ ಇದಕ್ಕೇ: ಪೊರೆ ಇದ್ದಷ್ಟು ದಿನ ಗುಳಿ ಎಷ್ಟು ಆಳ ಅಂತ ಯಾರಿಗೂ ಕಾಣಲ್ಲ.
ಟ್ಯಾಂಕ್ ಕೆಲಸ ಗೊತ್ತಿರುವವರ ಹತ್ತಿರ ಕೊಟ್ಟು ಪೊರೆ ಪೂರ್ತಿ ತೆಗೆಸಿ. ಟಾರ್ಚ್ ಹಿಡಿದು ಸುಡಬೇಡಿ. ಈ ಟ್ಯಾಂಕಿನ ಕ್ರೋಮ್-ಮಾಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ) ಉಕ್ಕನ್ನ ಹದವಾಗಿ ಕಾಯಿಸಿ ತಣಿಸಿ ಆ ಬಲ ಕೊಟ್ಟಿರುತ್ತಾರೆ. ಬೆಂಕಿ ತಾಗಿದರೆ ಆ ಹದ ಹೋಗುತ್ತೆ, ಟ್ಯಾಂಕ್ ಗುಜರಿಗೆ.
ಬೂಟಿನ ಮೇಲೆ ಬಿಸಿನೀರು ಸುರಿದು ಮರದ ಸುತ್ತಿಗೆಯಿಂದ ತಟ್ಟಿ. ಉಪ್ಪು ಜಾಸ್ತಿ ನಿಲ್ಲೋದು ಅದರ ಅಂಚಲ್ಲೇ.
ಗಾಳಿ ಬಿಟ್ಟಿದ್ದು ಒಳ್ಳೇದಾಯಿತು. ತೇವ ಇರುವ ಸ್ಟೀಲ್ ಟ್ಯಾಂಕನ್ನ ತುಂಬಿಸಿ ವರ್ಷಗಟ್ಟಲೆ ಇಟ್ಟರೆ ತುಕ್ಕು ಆಮ್ಲಜನಕವನ್ನ ತಿಂದು ಹಾಕಿರುತ್ತೆ. ಉಸಿರಾಡುವವರಿಗೆ ಉಸಿರು ಕಟ್ಟಿದ ಹಾಗೂ ಅನ್ನಿಸಲ್ಲ, ಹಾಗೇ ಪ್ರಜ್ಞೆ ತಪ್ಪುತ್ತೆ. ಹಳೇ ಟ್ಯಾಂಕಿನ ಹಳೇ ಗಾಳಿಯನ್ನ ಯಾರೂ ರುಚಿ ನೋಡಬೇಡಿ.

ಕಡಲಾಮೆ
ಲೈನಿಂಗ್ ಇರಬಹುದು. ಆದರೂ ಒಣಗಿಸೋ ಗಾಳಿ ಬದಲಾಯಿಸಲೇಬೇಕು ಅಂತ ನಾನು ಈಗಲೂ ಹೇಳುತ್ತೇನೆ.

ಹಳೇಕಬ್ಬಿಣ
ಪೊರೆ ಹೋದ ಮೇಲೆ ಖಂಡಿತ ಬೇಕು. ಈಗ ಅದರಿಂದ ಏನೂ ಆಗಲ್ಲ.

ಭಟ್ಕಳಕಡಲು
ನಡುವೆ ಒಂದು ಪ್ರಶ್ನೆ. ಇಂಥ ಟ್ಯಾಂಕ್ ಊರಿಗೆ ತಂದರೆ ನೇತ್ರಾಣಿಯಲ್ಲಿ ಬಳಸಬಹುದಾ?

ಹಳೇಕಬ್ಬಿಣ
ಆಗಲ್ಲ ಅಂತಲೇ ಇಟ್ಟುಕೊಳ್ಳಿ. ನಮ್ಮಲ್ಲಿ 2016ರ ಗ್ಯಾಸ್ ಸಿಲಿಂಡರ್ ನಿಯಮ ಇದೆ. ನಾಗ್ಪುರದ ಪೆಸೊ (ಸ್ಫೋಟಕ, ಸಿಲಿಂಡರ್ ಸುರಕ್ಷತೆ ನೋಡೋ ಕೇಂದ್ರ ಸಂಸ್ಥೆ) ಒಪ್ಪಿಗೆ ಇಲ್ಲದ ಸಿಲಿಂಡರ್ ತುಂಬಿಸೋ ಹಾಗಿಲ್ಲ. ಅಮೆರಿಕದ ಮುದ್ರೆ ಇದ್ದರೆ ಅಷ್ಟೇ ಸಾಲದು.

ಟ್ಯಾಂಪಾಕನ್ನಡಿಗ
ಬೂಟ್ ಬಂತು. ಅಂಚಿನ ಸುತ್ತಲೂ ಉಗುರು ಸಿಕ್ಕಿಕೊಳ್ಳುವಂಥ ಗುಳಿಗಳ ಸಾಲು. ಕತ್ತಿನ ಹತ್ತಿರ ಪೊರೆ ಎತ್ತಿದರೆ ಕೆಳಗೆ ಕರೀ ಪುಡಿ. ನೇರ ಹೈಡ್ರೋಗೆ ಕಳಿಸಲಾ?

ಹಳೇಕಬ್ಬಿಣ
ಮೊದಲು ಗುಳಿ ಅಳೆಸಿ. ಹೈಡ್ರೋದಲ್ಲಿ 3750 ಪಿಎಸ್‌ಐಗೆ ಏರಿಸುತ್ತಾರೆ, ಅಂದರೆ 2250ರ ಮೂರಕ್ಕೆ ಐದರಷ್ಟು. ಒಟ್ಟು ಹಿಗ್ಗಿದ್ದರಲ್ಲಿ ಶೇ. 10ಕ್ಕಿಂತ ಜಾಸ್ತಿ ವಾಪಸ್ ಕುಗ್ಗದೆ ಉಳಿದರೆ ಫೇಲ್. ಆದರೆ ಹೈಡ್ರೋ ಪಾಸಾದರೂ ಸಾಲಾಗಿ ಬಿದ್ದ ಗುಳಿ ಆಳವಿದ್ದರೆ ಟ್ಯಾಂಕ್ ಬಳಸೋ ಹಾಗಿಲ್ಲ. ಗುಳಿ ಮುಚ್ಚೋಕೆ ಗ್ರೈಂಡರ್ ಹಿಡಿಯಬೇಡಿ, ಗೋಡೆ ಇನ್ನೂ ತೆಳ್ಳಗಾಗುತ್ತೆ.

ಜೋಡಿ72
ಟ್ಯಾಂಕ್ ಫೇಲ್ ಆದರೆ ವಾಲ್ವ್ ಎಸೆಯಬೇಡಿ. ಅದು ಕಡ್ಡಿ ಎಳೆದು ಕೊನೆಯ ಮೀಸಲು ಗಾಳಿ ಬಿಡೋ ಹಳೇ ಜೆ ವಾಲ್ವಾ? ಆಗಿದ್ದರೆ ನನಗೆ ಬೇಕು, ರೇಟ್ ಹೇಳಿ.