ಸಹಾಯ ಬೇಕು: ಹಾಡಿನ ವಿಡಿಯೋದಲ್ಲಿ ಹುಡುಗಿಯ ಮೈಬಣ್ಣವನ್ನು ಅಳೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ಹಾಡಿನ ವಿಡಿಯೋಗಳು ಹೆಂಗಸರನ್ನು ಹೇಗೆ ತೋರಿಸುತ್ತವೆ ಅನ್ನೋದು ನನ್ನ ಪ್ರಾಜೆಕ್ಟ್.

ಅಮೆರಿಕದ ಭಾಗ ಮುಗಿದಿದೆ. 2004ರಲ್ಲಿ ಅಟ್ಲಾಂಟಾದ ಸ್ಪೆಲ್ಮನ್ ಕಾಲೇಜಿನ ಕಪ್ಪು ವಿದ್ಯಾರ್ಥಿನಿಯರು ರ್‍ಯಾಪರ್ ನೆಲ್ಲಿಯ ಒಂದು ವಿಡಿಯೋ ವಿರುದ್ಧ ಎದ್ದು ನಿಂತಿದ್ದರು, ಅದರಲ್ಲಿ ಹೆಣ್ಣಿನ ಹಿಂಭಾಗಕ್ಕೆ ಕ್ರೆಡಿಟ್ ಕಾರ್ಡ್ ಉಜ್ಜುವ ದೃಶ್ಯ ಇತ್ತು. ಕಪ್ಪು ಹೆಣ್ಣಿಗೆ ಬೀಳುವ ಪೆಟ್ಟನ್ನು ಜನಾಂಗದ್ದು ಇಷ್ಟು, ಲಿಂಗದ್ದು ಇಷ್ಟು ಅಂತ ಬಿಡಿಸಿ ನೋಡಿದರೆ ಅರ್ಥವಾಗದು ಅಂತ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್ಶಾ 1989ರಲ್ಲೇ ಬರೆದಿದ್ದಾರೆ. ಅಮೆರಿಕದ ವಿಡಿಯೋಗಳಿಗೆ ಈ ಮಾತು ಸರಿ ಹೊಂದಿತು.

ಕಷ್ಟ ಶುರುವಾದದ್ದು ನಮ್ಮ ತುಳು, ಕನ್ನಡ ಆಲ್ಬಂ ಹಾಡುಗಳಿಗೆ ಬಂದಾಗ. ಪಣಂಬೂರೋ ಮಲ್ಪೆಯೋ ಬೀಚಿನಲ್ಲಿ ಶೂಟಿಂಗ್, ಹುಡುಗ ಕಪ್ಪಗಿದ್ದರೂ ನಡೆಯುತ್ತದೆ, ಹುಡುಗಿ ಮಾತ್ರ ಬೆಳ್ಳಗೇ ಇರಬೇಕು (ಈ ಬಿಸಿಲಿನಲ್ಲಿ ಅದು ಹೇಗೋ!). ಇಲ್ಲಿ ಅಮೆರಿಕದ ಹಾಗೆ ಕಪ್ಪು-ಬಿಳಿ ಜನಾಂಗ ಅನ್ನಲು ಬರುವುದಿಲ್ಲ. ಇರುವುದು ಬಣ್ಣ, ಅದರ ಜೊತೆ ಜಾತಿಯ ಲೆಕ್ಕ.

ಮೊದಲು ಶೇಡ್ ಕಾರ್ಡ್ (ಬಣ್ಣದ ಛಾಯೆಗಳನ್ನು ಸಾಲಾಗಿ ತೋರಿಸುವ ಪಟ್ಟಿ) ಇಟ್ಟುಕೊಂಡು ಮೈಬಣ್ಣ ಗುರುತು ಹಾಕಿದೆ. ಮೇಕಪ್, ಲೈಟು, ಕಲರ್ ಗ್ರೇಡಿಂಗ್ (ಶೂಟಿಂಗ್ ಆದಮೇಲೆ ವಿಡಿಯೋದ ಬಣ್ಣ ತಿದ್ದುವುದು) ಎಲ್ಲಾ ಸೇರಿ ಒಂದೇ ಹುಡುಗಿ ಒಂದೇ ಹಾಡಿನಲ್ಲಿ ಬೇರೆ ಬೇರೆ ಬಣ್ಣ! ಆಮೇಲೆ ಕ್ಯಾಮೆರಾ ಮೈಮೇಲೆ ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ನೋಡಿದೆ, ಆಗ ಬಣ್ಣದ ವಿಷಯವೇ ಬಿಟ್ಟುಹೋಯಿತು. ಗೈಡ್ ಮೇಡಂ ಎರಡೂ ಬೇಕೇ ಬೇಕು ಅನ್ನುತ್ತಾರೆ.

ಸಿನಿಮಾ ಎಡಿಟಿಂಗ್ ಅಥವಾ ಮಾಧ್ಯಮ ಸಂಶೋಧನೆ ಗೊತ್ತಿರುವವರು ದಯವಿಟ್ಟು ಹೇಳಿ: ಒಂದೇ ಫ್ರೇಮಿನಲ್ಲಿ ನಾಯಕಿಯ ಬಣ್ಣವನ್ನು ಹುಡುಗನ ಮತ್ತು ಹಿಂದೆ ಕುಣಿಯುವ ಹುಡುಗಿಯರ ಬಣ್ಣಕ್ಕೆ ಹೋಲಿಸಿದರೆ ಸಾಕಾ, ಅಥವಾ ಬೇರೆ ಒಳ್ಳೆಯ ಅಳತೆ ಇದೆಯಾ?