ಮಡಚುವ ಸೈಕಲ್‌ನ ಹ್ಯಾಂಡಲ್ ಕಂಬ ಅಲುಗಾಡುತ್ತಿದೆ, ಎಲ್ಲಿ ಬಿಗಿಯಬೇಕು?

ಬನಶಂಕರಿ ಸವಾರ
ನನ್ನದು 20 ಇಂಚಿನ ಚಕ್ರದ ಮಡಚುವ ಸೈಕಲ್. ಮನೆಯಿಂದ ಬನಶಂಕರಿ ಮೆಟ್ರೊ ನಿಲ್ದಾಣದವರೆಗೆ ತುಳಿದು, ಮಡಚಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ಮತ್ತೆ ತುಳಿಯುತ್ತೇನೆ. ಈಗ ಮುಂದಿನ ಬ್ರೇಕ್ ಹಿಡಿದರೆ ಕಂಬದ ಬುಡದಲ್ಲಿ ‘ಟಕ್’ ಎನ್ನುತ್ತದೆ, ಹ್ಯಾಂಡಲ್ ಬೆರಳಗಲ ಹಿಂದೆ ಮುಂದೆ ಆಡುತ್ತದೆ. ಕಂಬ ಮಡಚುವ ಕೀಲಿನ ಲಿವರ್ ಪೂರ್ತಿ ಮುಚ್ಚಿಕೊಳ್ಳುತ್ತದೆ. ಹತ್ತಿರದ ಅಂಗಡಿಯವರು ಕೈಗೆ ಸಿಕ್ಕ ಬೋಲ್ಟನ್ನೆಲ್ಲ ಬಿಗಿದು ಕಳುಹಿಸಿದರು, ಏನೂ ಫಲವಿಲ್ಲ. ಇಳಿಜಾರಿನಲ್ಲಿ ಭಯವಾಗುತ್ತದೆ.

ಮೈಸೂರು ಫಿಟ್ಟರ್
ಸ್ಪ್ಯಾನರ್ ಮುಟ್ಟುವ ಮೊದಲು ಆಟ ಎಲ್ಲಿದೆ ಎಂದು ಕಂಡುಹಿಡಿಯಿರಿ. ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯ ಬೆರಳನ್ನು ಮೊದಲು ಕಂಬ ಮಡಚುವ ಕೀಲಿನ ಸೀಳಿನ ಮೇಲಿಡಿ, ಆಮೇಲೆ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಕವಲು) ಮತ್ತು ಫ್ರೇಮಿನ ಕೊಳವೆ ಸೇರುವ ಜಾಗದಲ್ಲಿಡಿ. ಟಕ್ ಎನ್ನುವುದು ಬೆರಳಿಗೇ ತಿಳಿಯುತ್ತದೆ.

ಕೀಲಿನಲ್ಲಿ ಆಡುತ್ತಿದ್ದರೆ ಲಿವರ್‌ನ ಕೊಕ್ಕೆಯ ಬುಡದಲ್ಲಿ ಸಣ್ಣದೊಂದು ಹೊಂದಾಣಿಕೆ ನಟ್ಟು ಇರುತ್ತದೆ. ಅದನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಲಿವರ್ ಮುಚ್ಚಿ ನೋಡಿ, ಬೇಕಿದ್ದರೆ ಇನ್ನೊಂದು ಕಾಲು ಸುತ್ತು. ಲಿವರ್ ಅರ್ಧ ದಾರಿಯಲ್ಲಿ ಬಿಗಿಯಾಗತೊಡಗಿ, ಮುಚ್ಚಿದಾಗ ಅಂಗೈಯಲ್ಲಿ ಗುರುತು ಮೂಡುವಷ್ಟಿರಬೇಕು. ಅದಕ್ಕಿಂತ ಹೆಚ್ಚು ಬಿಗಿದರೆ ಅಲ್ಯೂಮಿನಿಯಂ ಕೊಕ್ಕೆಯ ಮೇಲೆ ಒತ್ತಡ ಬೀಳುತ್ತದೆ. ಕೆಲವರು ಲಿವರನ್ನು ಕಾಲಿನಿಂದ ತುಳಿದು ಮುಚ್ಚುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಆದರೆ ನಿಮ್ಮ ಲಿವರ್ ಸರಿಯಾಗಿಯೇ ಮುಚ್ಚುತ್ತಿರುವುದರಿಂದ ನನ್ನ ಅನುಮಾನ ಕೆಳಗಿನ ಬೇರಿಂಗ್ ಮೇಲೆ, ಅಂದರೆ ಫೋರ್ಕ್ ಫ್ರೇಮಿನ ಕೊಳವೆಯಲ್ಲಿ ತಿರುಗುವ ಜಾಗದ ಬೇರಿಂಗ್ ಮೇಲೆ. ಮಡಚುವ ಅನೇಕ ಸೈಕಲ್‌ಗಳಲ್ಲಿ ಆ ಬೇರಿಂಗನ್ನು ಹಿಡಿದಿಡುವ ದಪ್ಪ ಅಲೆನ್ ಬೋಲ್ಟು (ತಲೆಯಲ್ಲಿ ಆರು ಮೂಲೆಯ ಕುಳಿಯಿರುವ ಬೋಲ್ಟು) ಹೊರಗೆ ಕಾಣುವುದಿಲ್ಲ. ಕಂಬವನ್ನು ಕೆಳಕ್ಕೆ ಮಡಚಿ, ತೆರೆದ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ಅಂಗಡಿಯವರು ಅದನ್ನು ಮುಟ್ಟಿರಲಾರರು.

ತುಮಕೂರು ರಸ್ತೆ
ಬಿಗಿಯುವ ಮೊದಲು ಕೀಲಿನ ಬೆಸುಗೆಯ ಸುತ್ತ ಬಟ್ಟೆಯಿಂದ ಒರೆಸಿ, ಬೆಳಕಿನಲ್ಲಿ ನೋಡಿ. ಕೂದಲೆಳೆಯಂಥ ಗೆರೆ ಕಂಡರೆ ಅದು ಬಿರುಕಿರಬಹುದು. ಆಮೇಲೆ ಆ ಸೈಕಲ್ ಹತ್ತಲೇಬೇಡಿ, ಕಂಬವನ್ನೇ ಬದಲಿಸಿ. ಉದ್ದ ಹೊಂದಿಸುವ ಕಂಬವಾದರೆ, ಅದರ ಮೇಲೆ ಕೆತ್ತಿರುವ ಗರಿಷ್ಠ ಎತ್ತರದ ಗೆರೆ ಹೊರಗೆ ಕಾಣಬಾರದು.

ಬನಶಂಕರಿ ಸವಾರ
ಇಬ್ಬರಿಗೂ ಧನ್ಯವಾದಗಳು. ಬಿರುಕು ಇಲ್ಲ. ಕೀಲು ಅಲುಗುತ್ತಿಲ್ಲ, ಆಟವೆಲ್ಲ ಕೆಳಗಿನ ಬೇರಿಂಗ್‌ನಲ್ಲೇ ಇದೆ. ಬೋಲ್ಟು ಕೊಳವೆಯೊಳಗೆ ಧೂಳಿನಲ್ಲಿ ಹುದುಗಿತ್ತು. ಎಷ್ಟು ಬಿಗಿಯಲಿ?

ಮೈಸೂರು ಫಿಟ್ಟರ್
ಟಕ್ ಎನ್ನುವುದು ನಿಲ್ಲುವವರೆಗೆ ಮಾತ್ರ. ಮೊದಲು ಧೂಳು ತೆಗೆಯಿರಿ, ಇಲ್ಲದಿದ್ದರೆ ಅಲೆನ್ ಕೀ ಜಾರಿ ಬೋಲ್ಟಿನ ಮೂಲೆಗಳು ಸವೆಯುತ್ತವೆ. ಬಿಗಿದ ಮೇಲೆ ಮುಂದಿನ ಚಕ್ರವನ್ನು ಎತ್ತಿ ಹಿಡಿಯಿರಿ. ಹ್ಯಾಂಡಲ್ ತಾನಾಗಿ ಎಡಕ್ಕೋ ಬಲಕ್ಕೋ ಹೊರಳಬೇಕು. ನಡುವೆ ತಡೆದು ನಿಂತರೆ ಸ್ವಲ್ಪ ಸಡಿಲಿಸಿ. ಸಡಿಲಿಸಿದ ಮೇಲೂ ಗರಗರ ಎಂದರೆ ಬೇರಿಂಗ್ ಸವೆದಿದೆ ಎಂದರ್ಥ, ಬಿಚ್ಚಿ ಹೊಸದು ಹಾಕಿಸಿ.