‘ಹಾರ್ಟ್ ಫೇಲ್ಯೂರ್’: ರೋಗಿಯ ಮನೆಯವರಿಗೆ ಹೇಳುವಂಥ ಪದ ಯಾವುದು?

ಆತ್ಮೀಯರೇ,

ಮಡಿಕೇರಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಹೃದಯದ ಪಾಠ ಮಾಡುತ್ತೇನೆ. ಪಾಠ ಇಂಗ್ಲಿಷಿನಲ್ಲಿ, ವಾರ್ಡಿನ ಮಾತು ಕನ್ನಡದಲ್ಲಿ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ ಆಡುವವರೂ ಸಿಸ್ಟರ್ ಮುಂದೆ ಹೆಚ್ಚಾಗಿ ಕನ್ನಡವನ್ನೇ ಹಿಡಿಯುತ್ತಾರೆ.

ಹೃದಯಾಘಾತ, ಹೃದಯ ಸ್ತಂಭನ, ಹೃದಯ ವೈಫಲ್ಯ. ಯಾರಾದರೂ ದಿಢೀರನೆ ತೀರಿಕೊಂಡರೆ ಪತ್ರಿಕೆಯಲ್ಲಿ ಈ ಮೂರರಲ್ಲಿ ಯಾವುದಾದರೊಂದು ಅಚ್ಚಾಗುತ್ತದೆ. ಆದರೆ ಮೂರೂ ಬೇರೆ. ಆಘಾತವೆಂದರೆ ಹೃದಯದ ಸ್ನಾಯುವಿಗೇ ರಕ್ತ ಒಯ್ಯುವ ಕೊರೊನರಿ ಧಮನಿ ಕಟ್ಟಿಕೊಂಡು ಆ ಭಾಗ ಸಾಯತೊಡಗುವುದು. ಬಡಿತ ಸಾಮಾನ್ಯವಾಗಿ ನಡೆದೇ ಇರುತ್ತದೆ. ರೋಗಿ ‘ಗ್ಯಾಸ್ಟ್ರಿಕ್ ಇರ್ಬೇಕು ಸಿಸ್ಟರ್’ ಎನ್ನುತ್ತಲೂ ಇರಬಹುದು. ಸ್ತಂಭನದಲ್ಲಿ ನಾಡಿಯೂ ಇಲ್ಲ, ಪ್ರಜ್ಞೆಯೂ ಇಲ್ಲ. ಕೂಡಲೇ ನಿಮಿಷಕ್ಕೆ 100ರಿಂದ 120 ಸಲದಂತೆ ಎದೆ ಒತ್ತಬೇಕು. ಈ ಎರಡು ಪದಗಳ ಬಗ್ಗೆ ತಕರಾರಿಲ್ಲ.

ತೊಡಕು ಮೂರನೆಯದರಲ್ಲಿ. ಹಾರ್ಟ್ ಫೇಲ್ಯೂರ್ ಎಂದರೆ ಹೃದಯ ನಿಂತದ್ದಲ್ಲ, ಮೈಗೆ ಬೇಕಾದಷ್ಟು ರಕ್ತ ದೂಡಲು ಏಗಲಾರದೆ ಇರುವುದು. ಎಡಭಾಗ ಸೋತರೆ ಶ್ವಾಸಕೋಶದಲ್ಲಿ ನೀರು ಸೇರಿ ಮಲಗಿದಾಗ ದಮ್ಮು. ಬಲಭಾಗ ಸೋತರೆ ಕಾಲು ಬಾವು. ಮಾತ್ರೆ ತಪ್ಪಿಸದೆ, ಉಪ್ಪು ಹಿಡಿತದಲ್ಲಿಟ್ಟು, ದಿನಾ ತೂಕ ನೋಡಿಕೊಂಡು ವರ್ಷಗಟ್ಟಲೆ ಬಾಳುವವರಿದ್ದಾರೆ. ನಮ್ಮ ಕಡೆಯಾದರೋ ‘ಹಾರ್ಟ್ ಫೇಲ್ ಆಯ್ತು’ ಎಂದರೆ ಸತ್ತರು ಎಂದೇ ಅರ್ಥ. ಕಾಫಿ ತೋಟದ ಲೈನ್ ಮನೆಯಿಂದ ಬಂದ ಹೆಂಗಸಿಗೆ ‘ನಿಮ್ಮ ಯಜಮಾನ್ರಿಗೆ ಹಾರ್ಟ್ ಫೇಲ್ಯೂರ್’ ಎಂದುಬಿಟ್ಟರೆ, ಒಣಮೀನು, ಉಪ್ಪಿನಕಾಯಿ ಬಿಡಿಸಿ ಎಂಬ ಮುಂದಿನ ಮಾತು ಅವರ ಕಿವಿಗೇ ಬೀಳುವುದಿಲ್ಲ. ಆ ಮುಂದಿನ ಮಾತೇ ಜೀವ ಉಳಿಸುವುದು. ‘ವೈಫಲ್ಯ’ವೂ ಅಷ್ಟೇ ಕಠೋರ.

‘ಹೃದಯ ದೌರ್ಬಲ್ಯ’ ಎನ್ನೋಣವೆಂದರೆ ಅದರಲ್ಲಿ ಪುಕ್ಕಲುತನದ ಛಾಯೆ ಇದೆ. ಅದಕ್ಕಿಂತ ಮುಖ್ಯವಾಗಿ, ಹೃದಯ ಚೆನ್ನಾಗಿ ಕುಗ್ಗಿದರೂ ಸೆಡೆತುಕೊಂಡು ಸರಿಯಾಗಿ ಹಿಗ್ಗದೆ, ರಕ್ತ ತುಂಬಿಕೊಳ್ಳಲಾರದ ಬಗೆಯೂ ಉಂಟು. ಎಜೆಕ್ಷನ್ ಫ್ರ್ಯಾಕ್ಷನ್ (ತುಂಬಿಕೊಂಡ ರಕ್ತದಲ್ಲಿ ಹೃದಯ ಒಂದು ಬಡಿತಕ್ಕೆ ಹೊರದೂಡುವ ಪಾಲು) ಶೇ. 50 ದಾಟಿದ್ದರೂ ಈ ರೋಗ ಇರಬಹುದು. ಅಂಥವರಿಗೆ ದೌರ್ಬಲ್ಯ ಎಂದರೆ ತಪ್ಪು ಹೇಳಿದಂತೆ.

ನಡೆದು ನಡೆದು ‘ಕಾಲು ಸೋತವು’ ಎನ್ನುತ್ತೇವಲ್ಲ, ಆ ‘ಸೋಲು’ ನನಗೆ ಒಪ್ಪಿಗೆ. ಆದರೆ ‘ಹೃದಯ ಸೋತಿದೆ’ ಎಂದರೆ ಪ್ರೇಮದ ಮಾತಾಗುತ್ತದೆ. ಸದ್ಯ ‘ಹಾರ್ಟ್ ಸೋತಿದೆ, ನಿಂತಿಲ್ಲ’ ಎನ್ನಲು ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಇದಕ್ಕೆ ಟಿಪ್ಪಣಿಯಲ್ಲೂ ಬರೆಯಬಹುದಾದ ನಾಮಪದ ಬೇಕು. ಧಾರವಾಡ, ಮಂಗಳೂರು, ಮೈಸೂರಿನ ವಾರ್ಡುಗಳಲ್ಲಿ ಏನನ್ನುತ್ತಾರೆ?

ಜೊತೆಗೆ ಇನ್ನೊಂದು: ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ), ಅಭಿಧಮನಿ (ಹೃದಯಕ್ಕೆ ರಕ್ತ ತರುವ ನಾಳ) ಕಿವಿಗೆ ಒಂದೇ ಥರ ಕೇಳಿಸಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಅಪಧಮನಿಯನ್ನು ‘ಶುದ್ಧ ರಕ್ತನಾಳ’ ಎನ್ನುವಂತಿಲ್ಲ, ಶ್ವಾಸಕೋಶದ ಧಮನಿಯಲ್ಲಿ ಹರಿಯುವುದು ಆಮ್ಲಜನಕ ಕಡಿಮೆಯಾದ ರಕ್ತ. ಧಮನಿ, ಸಿರೆ ಎಂಬ ಜೋಡಿಯನ್ನೇ ಬಳಸಿದರೆ ಯಾರಿಗಾದರೂ ಆಕ್ಷೇಪವಿದೆಯೇ?